ತೆರೆದಿಟ್ಟ ಬಟ್ಟಲು

ನಮ್ಮ ಸಕ್ಕರೆ ಡಬ್ಬಿಯ ಮುಚ್ಚಳ ಒಡೆಯದಿದ್ದರೆ ನಾನು ಆ ಅಂಗಡಿಗೆ ಹೋಗುತ್ತಲೇ ಇರಲಿಲ್ಲ. ಹಳೆಯ ಡಬ್ಬಿ. ಬಿಸಿಲು ಬೀಳುವ ಕಿಟಕಿಯ ಕೆಳಗೆ ಇಟ್ಟಿದ್ದೆ. ಬಿಸಿಲಿಗೆ ಪ್ಲಾಸ್ಟಿಕ್ಕು ಒಳಗೊಳಗೇ ತುಂಡಾಗುತ್ತಾ ಹೋಗುತ್ತದೆ, ಹೊರಗೆ ಮಾತ್ರ ಏನೂ ಆಗದಂತೆ ನಿಂತಿರುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು; ಮೂವತ್ತನಾಲ್ಕು ವರ್ಷ ಪೆಟ್ರೋಲು, ಸೀಮೆಎಣ್ಣೆಯ ಡಿಪೋದ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ಗೊತ್ತಿದ್ದೂ ಅಲ್ಲೇ ಇಟ್ಟಿದ್ದೆ. ಒಂದು ಬೆಳಿಗ್ಗೆ ಒತ್ತಿ ಮುಚ್ಚಲು ಹೋದೆ, ಒಣ ಎಲೆಯಂತೆ ಕೈಯಲ್ಲಿ ಪುಡಿಯಾಯಿತು.

ಬಸ್ಸು ನಿಲ್ಲುವ ಜಾಗದ ಹಿಂದಿನ ಬೀದಿಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯೊಂದಿದೆ ಎಂದು ನಮ್ಮಕ್ಕ ಹೇಳಿದಳು. ಮನೆಯಲ್ಲಿ ಅಕ್ಕ, ನಾನು, ಇಬ್ಬರೇ. ಹೋದೆ. ಬಾಗಿಲಿಗೆ ಬಕೆಟ್ಟುಗಳನ್ನು ಗೊಂಚಲು ಗೊಂಚಲಾಗಿ ತೂಗುಹಾಕಿದ್ದರು. ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಅಂಗಡಿಯಾಕೆಗೆ ಐವತ್ತು ದಾಟಿರಬಹುದು. ನಾನು ಬಗ್ಗಿದ್ದು ನೋಡಿ ಎದ್ದು ಬಂದು, ಒಂದು ಗೊಂಚಲನ್ನು ಕೈಯಲ್ಲಿ ಎತ್ತಿ ಹಿಡಿದು ದಾರಿ ಮಾಡಿಕೊಟ್ಟಳು. ಕೇಳದೆಯೇ ಹಾಗೆ ಮಾಡುವವರು ಕಡಿಮೆ.

"ಸಕ್ಕರೆಗಾ? ಎರಡು ಸೇರು ಹಿಡಿಯೋದಾ, ನಾಲ್ಕಾ?" ಎಂದಳು. ನಾನು ಕೈಯಲ್ಲಿ ಅಳತೆ ತೋರಿಸಿದೆ. ಆಕೆ ಅಂಗಡಿಯ ಹಿಂಭಾಗಕ್ಕೆ ತಿರುಗಿ ಕೂಗಿದಳು: "ಅಪ್ಪಾ, ಆ ನೀಲಿ ಡಬ್ಬಿ ಕೊಡಿ ಇಲ್ಲಿ. ಮುಚ್ಚಳ ಒತ್ತಿ ಹಾಕಿ. ಮತ್ತೆ ಬಿರಡೆ ಕೆಲಸ ಮಾಡಬೇಡಿ!"

ಬಿರಡೆ ಎಂಬ ಮಾತಿಗೆ, ನಾನು ಬಿಡಿಸುತ್ತಿದ್ದ ಬಟ್ಟೆಚೀಲ ಅರ್ಧಕ್ಕೇ ನಿಂತಿತು.

ಆಕೆ ನಗುತ್ತಾ ನನಗೆ ವಿವರಿಸಿದಳು. "ನಮ್ಮಪ್ಪಂದು ಹಳೇ ಕಾಯಿಲೆ ಅಮ್ಮ. ಏನು ಮುಚ್ಚಿದ್ರೂ ಅರ್ಧಂಬರ್ಧ. ಹಿಂದೆ ಕೆಲಸದಲ್ಲಿ ಒಂದು ಬಾಟ್ಲಿಗೆ ಬಿರಡೆ ಸಡಿಲ ಹಾಕಿ ದೊಡ್ಡ ಫಜೀತಿ ಮಾಡ್ಕೊಂಡಿದ್ರು. ಅವತ್ತಿಂದ ನಮ್ಮನೇಲಿ ಯಾರು ನಲ್ಲಿ ಸರಿಯಾಗಿ ನಿಲ್ಲಿಸದೇ ಇದ್ರೂ ಬಿರಡೆ ಕೆಲಸ ಅಂತಾನೇ ಹೇಳೋದು. ನಮ್ಮಮ್ಮ ಶುರು ಮಾಡಿದ್ದು. ಈಗ ನನ್ನ ಮೊಮ್ಮಗಳೂ ಹೇಳ್ತಾಳೆ, ನಾಲ್ಕು ವರ್ಷ ಅದಕ್ಕೆ!"

ಅಡ್ಡಲಾಗಿ ಪೇರಿಸಿದ್ದ ಬೇಸಿನ್ನುಗಳ ಹಿಂದಿನಿಂದ ಒಂದು ಮುದಿ ದನಿ ಬಂತು. "ಒತ್ತಿದ್ದೀನಮ್ಮಾ. ಎರಡು ಸಲ ಒತ್ತಿದ್ದೀನಿ."

ಕೋಪವಿಲ್ಲದ ದನಿ. ನಲವತ್ತಾರು ವರ್ಷ ಆ ಮಾತನ್ನು ಕೇಳಿಸಿಕೊಂಡೂ ಕೋಪ ಬಾರದ ದನಿ. ಅದು ಯಾರದೆಂದು ನನಗೆ ಮುಖ ನೋಡದೆಯೇ ಗೊತ್ತಾಯಿತು. ಕನ್ನಡಕ ಮರೆತು ಬಂದೆ, ಆಮೇಲೆ ಬರುತ್ತೇನೆ ಎಂದು ಏನೋ ಹೇಳಿ ಹೊರಗೆ ಬಂದುಬಿಟ್ಟೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ಅಂಗಡಿಯಾಕೆ ಅದನ್ನು ನೋಡಿಯೂ ಮತ್ತೆ ಬಕೆಟ್ಟಿನ ಗೊಂಚಲು ಎತ್ತಿ ಹಿಡಿದಳು.

ಮನೆಗೆ ಬಂದಾಗ ಅಕ್ಕ, "ಡಬ್ಬಿ ತರೋಕೆ ಹೋಗಿ ಮುಖ ಅಲ್ಲೇ ಬಿಟ್ಟು ಬಂದ್ಯಾ?" ಎಂದಳು. ನಾನು ಹೋಗಿ ಗೋಡೆಯ ಮೇಲಿದ್ದ ಫೋಟೋದ ಮುಂದೆ ಕುಳಿತೆ.

ಅದು ಡಿಪೋದ ಫೋಟೋ. ದೊಡ್ಡ ಬಿಳಿ ಟ್ಯಾಂಕಿನ ಮುಂದೆ ಪ್ರಯೋಗಾಲಯದವರು, ಕಚೇರಿಯವರು ಎರಡು ಸಾಲಿನಲ್ಲಿ ನಿಂತಿದ್ದೇವೆ. ಮುಂದಿನ ಸಾಲಿನ ಕೊನೆಯಲ್ಲಿ ನಾನು, ಇಪ್ಪತ್ತನಾಲ್ಕು ವರ್ಷದವಳು. ಅಲ್ಲಿರುವ ಹೆಂಗಸು ನಾನೊಬ್ಬಳೇ. ಬಾಯ್ತುಂಬಾ ನಗುತ್ತಿದ್ದೇನೆ. ಎಷ್ಟು ಚೆನ್ನಾಗಿ ಬಂದಿದೆ ಎಂದು ನೋಡಿದವರೆಲ್ಲ ಹೇಳುತ್ತಾರೆ. ಆ ನಗುವಿನ ಹೊತ್ತಿನಲ್ಲಿ ನನ್ನ ಬೆನ್ನ ಹಿಂದಿನ ಕೋಣೆಯಲ್ಲಿ ಏನಾಗುತ್ತಿತ್ತೆಂದು ಬಲ್ಲವಳು ನಾನೊಬ್ಬಳೇ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ.

ನಾನು ರಸಾಯನಶಾಸ್ತ್ರ ಓದಿ ಆ ಕೆಲಸಕ್ಕೆ ಸೇರಿದಾಗ ಡಿಪೋದಲ್ಲಿ ನನ್ನನ್ನು ಮನುಷ್ಯಳಂತೆ ಮಾತಾಡಿಸಿದ ಮೊದಲಿಗರು ಮೂಗಿನಣ್ಣ. ಅವರನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಟ್ಯಾಂಕುಗಳಿಂದ ಮಾದರಿ ತೆಗೆದುಕೊಡುವುದು ಅವರ ಕೆಲಸ. ಶುದ್ಧೀಕರಣ ಕಾರ್ಖಾನೆಯಿಂದ ಕೊಳವೆಯಲ್ಲಿ ಬಂದ ಎಣ್ಣೆ ಟ್ಯಾಂಕಿಗೆ ತುಂಬಿದ ಮೇಲೆ, ಅವರು ಸುತ್ತುಮೆಟ್ಟಿಲು ಹತ್ತಿ ತುದಿಗೆ ಹೋಗಿ, ಸರಪಳಿ ಕಟ್ಟಿದ ಹಿತ್ತಾಳೆಯ ಪಾತ್ರೆಯನ್ನು ಒಳಗೆ ಇಳಿಬಿಡುತ್ತಿದ್ದರು. ಮೇಲಿನಿಂದ ಒಂದಿಷ್ಟು, ನಡುವಿನಿಂದ ಒಂದಿಷ್ಟು, ತಳದಿಂದ ಒಂದಿಷ್ಟು. ಮೂರನ್ನೂ ಬೆರೆಸಿ ಎರಡು ಗಾಜಿನ ಬಾಟಲಿಗೆ ತುಂಬಿ, ಬಿರಡೆ ಒತ್ತಿ, ಬಾಟಲಿಯನ್ನು ತಲೆಕೆಳಗು ಮಾಡಿ ಒಂದರಿಂದ ಇಪ್ಪತ್ತರವರೆಗೆ ಎಣಿಸಿ, ಒಂದು ಹನಿಯೂ ಬೀಳದಿದ್ದರೆ ಮಾತ್ರ ದಾರ ಕಟ್ಟುತ್ತಿದ್ದರು. ಕತ್ತರಿಯಿಲ್ಲದೆ ಆ ಗಂಟು ಬಿಚ್ಚಲು ನನ್ನಿಂದ ಒಂದು ಸಲವೂ ಆಗಿಲ್ಲ. ಒಂದು ಬಾಟಲಿ ಪರೀಕ್ಷೆಗೆ ನಮ್ಮ ಕೈಗೆ. ಇನ್ನೊಂದಕ್ಕೆ ಮೊಹರು ಹಾಕಿ ಕಪಾಟಿಗೆ, ಮುಂದೆ ಏನಾದರೂ ತಕರಾರು ಬಂದರೆ ನೋಡುವುದಕ್ಕೆ.

ಆ ಮೂಗಿನ ಕಥೆಗಳು ಬಹಳ. ಸೀಮೆಎಣ್ಣೆಯ ಬಾಟಲಿ ಮೂಸಿ ಯಾವ ಟ್ಯಾಂಕಿನದೆಂದು ಹೇಳುತ್ತಿದ್ದರು. ಗುಮಾಸ್ತರು ಬಾಗಿಲಿಗೆ ಬರುವ ಮೊದಲೇ, "ಬನ್ನಿ ಬನ್ನಿ, ಸೋಪು ಬದಲಾಯಿಸಿದ್ದೀರಿ, ಮನೇಲಿ ಏನು ವಿಶೇಷ?" ಎಂದು ಕೇಳಿ ಅವರನ್ನು ನಾಚಿಸುತ್ತಿದ್ದರು. ನನ್ನನ್ನು ಕರೆಯುತ್ತಿದ್ದುದು ತಂಗ್ಯಮ್ಮ ಎಂದು. ನಾನು ಅಣ್ಣ ಎನ್ನುತ್ತಿದ್ದೆ. ಬೆಳಿಗ್ಗೆ ದೊಡ್ಡ ಗೇಟಿನ ಹತ್ತಿರ ಸೈಕಲ್ ಹಿಡಿದು ಕಾದಿದ್ದು, ಪ್ರಯೋಗಾಲಯದ ಮೆಟ್ಟಿಲವರೆಗೂ ನನ್ನ ಜೊತೆ ನಡೆದುಕೊಂಡೇ ಬರುತ್ತಿದ್ದರು. ಗೇಟಿನಲ್ಲಿ ನಿಂತ ಲಾರಿಯವರು ಒಂಟಿ ಹುಡುಗಿಯನ್ನು ನೋಡಿ ಏನಾದರೂ ಅಂದಾರೆಂದು. ಹಾಗೆಂದು ಅವರು ಹೇಳಲಿಲ್ಲ. ಸೈಕಲ್ ಚೈನು ಸರಿಯಿಲ್ಲ, ಅದಕ್ಕೇ ನಡೆಯುತ್ತೇನೆ ಎನ್ನುತ್ತಿದ್ದರು. ಎರಡು ವರ್ಷ ಆ ಚೈನು ರಿಪೇರಿಯಾಗಲಿಲ್ಲ.

ಒಂದು ಮಧ್ಯಾಹ್ನ ಕೆಲಸವಿಲ್ಲದೆ ಕುಳಿತಿದ್ದಾಗ ಕೇಳಿದರು: "ಅಲ್ಲ ತಂಗ್ಯಮ್ಮ, ನೆಲದಿಂದ ಬರೋದು ಒಂದೇ ಕಪ್ಪು ಎಣ್ಣೆ. ಅದರಲ್ಲೇ ಪೆಟ್ರೋಲು, ಅದರಲ್ಲೇ ಡಾಂಬರು. ಇದೆಂಥ ಸಂಸಾರ?"

ನಾನು ಮೇಜಿನ ಮೇಲಿದ್ದ ಕಾಗದದ ಕ್ಲಿಪ್ಪುಗಳನ್ನು ಒಂದಕ್ಕೊಂದು ಕೊಂಡಿ ಹಾಕುತ್ತಾ ತೋರಿಸಿದೆ. ಒಂದೊಂದು ಕ್ಲಿಪ್ಪೂ ಒಂದು ಇಂಗಾಲ. ಸುತ್ತ ಜಲಜನಕ ಅಂಟಿಕೊಂಡಿರುತ್ತದೆ ಅಂದುಕೊಳ್ಳಿ. ಮೂರು ನಾಲ್ಕು ಕೊಂಡಿಯಾದರೆ ಸಿಲಿಂಡರಿನ ಗ್ಯಾಸು. ಏಳೆಂಟಾದರೆ ಪೆಟ್ರೋಲು. ಹನ್ನೆರಡರ ಆಸುಪಾಸು ಸೀಮೆಎಣ್ಣೆ. ಮೂವತ್ತಾದರೆ ಮೇಣದಬತ್ತಿ. ಸರಪಳಿ ಚಿಕ್ಕದಿದ್ದಷ್ಟೂ ಹಗುರ, ಬೇಗ ಆವಿಯಾಗಿ ಹಾರಿಹೋಗುತ್ತದೆ, ಉದ್ದವಾದಷ್ಟೂ ಭಾರ, ವಾಸನೆಯೂ ಇರುವುದಿಲ್ಲ.

"ಹೀಗೇ ಸೇರಿಸ್ತಾ ಹೋದ್ರೆ?"

"ಸಾವಿರಗಟ್ಟಲೆ ಸೇರಿಸಿದ್ರೆ ನಿಮ್ಮ ಮನೆ ಬಕೆಟ್ಟು. ಪಾಲಿಥೀನ್ ಅಂದ್ರೆ ಅದೇ, ಮುಗಿಯದ ಸರಪಳಿ."

ಅವರು ಕ್ಲಿಪ್ಪಿನ ಸರವನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. "ಸರಿ ಹಾಗಾದ್ರೆ. ಚಿಕ್ಕವು ಬಾಗಿಲು ತೆಗೆದ ಕೂಡಲೇ ಬೀದಿಗೆ. ದೊಡ್ಡವು ಕೂತಲ್ಲೇ ಕೂತಿರ್ತವೆ. ನಮ್ಮನೇಲೂ ಹಾಗೇನೇ." ಆ ಸರವನ್ನು ಮಗಳಿಗೆ ತೋರಿಸುತ್ತೇನೆಂದು ಕೇಳಿಕೊಂಡು ಜೇಬಿಗೆ ಹಾಕಿಕೊಂಡು ಹೋದರು.

ಫೋಟೋ ತೆಗೆದ ದಿನ ಕಡು ಬೇಸಿಗೆ. ಬೆಳಿಗ್ಗೆ ಹತ್ತೂವರೆಗೆ ಮೂಗಿನಣ್ಣ ಮೂರನೇ ಟ್ಯಾಂಕಿನ ಸೀಮೆಎಣ್ಣೆಯ ಬಾಟಲಿ ತಂದಿಟ್ಟರು. ಎಂದಿನಂತೆ ನಗಲಿಲ್ಲ.

"ಇದನ್ನ ಸ್ವಲ್ಪ ಹುಷಾರಾಗಿ ನೋಡು ತಂಗ್ಯಮ್ಮ. ವಾಸನೆ ಸರಿಯಿಲ್ಲ. ಪೆಟ್ರೋಲು ಸೇರಿದೆ ಅನ್ನಿಸ್ತಿದೆ. ಕೊಳವೇಲಿ ಇದರ ಹಿಂದೆ ಬಂದಿದ್ದು ಪೆಟ್ರೋಲೇ ಅಲ್ವಾ?"

ಅದಕ್ಕೊಂದು ಪರೀಕ್ಷೆಯಿದೆ. ಸೀಮೆಎಣ್ಣೆಯನ್ನು ಸಣ್ಣ ಹಿತ್ತಾಳೆ ಬಟ್ಟಲಿಗೆ ಹಾಕಿ, ಮುಚ್ಚಿ, ನೀರಿನ ತೊಟ್ಟಿಯಲ್ಲಿಟ್ಟು ನಿಧಾನವಾಗಿ ಕಾಯಿಸುತ್ತಾ, ಡಿಗ್ರಿಗೊಮ್ಮೆ ಮುಚ್ಚಳದ ಕಿಂಡಿ ಸರಿಸಿ ಸಣ್ಣ ಉರಿ ತೋರಿಸಬೇಕು. ಆವಿ ಹೊತ್ತಿಕೊಂಡು ನೀಲಿಯಾಗಿ ಒಮ್ಮೆ ಮಿಂಚುತ್ತದೆ. ಎಷ್ಟು ಡಿಗ್ರಿಯಲ್ಲಿ ಮಿಂಚಿತೋ ಅದು ಅದರ ಫ್ಲಾಶ್ ಪಾಯಿಂಟ್. ಮೂವತ್ತೈದಕ್ಕಿಂತ ಕೆಳಗೆ ಮಿಂಚಿದರೆ ಆ ಎಣ್ಣೆಯನ್ನು ಹೊರಗೆ ಬಿಡುವಂತಿಲ್ಲ. ಮನೆಯ ಸ್ಟವ್ವಿನಲ್ಲಿ ಭುಗ್ಗೆನ್ನುತ್ತದೆ. ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮೊದಲು ಕಲಿಸುವ ಪಾಠ ಒಂದೇ: ಬಟ್ಟಲು ತುಂಬಿದ ಕೂಡಲೇ ಮುಚ್ಚು, ಕೂಡಲೇ ನೋಡು. ತೆರೆದು ಕೂತ ಬಟ್ಟಲಿನಿಂದ ಪೆಟ್ರೋಲು ಮೊದಲು ಹಾರಿಹೋಗಿ ಕೆಟ್ಟ ಎಣ್ಣೆಯೂ ಒಳ್ಳೆಯದೆಂದು ತೋರುತ್ತದೆ; ಅದನ್ನು ಚೆಲ್ಲಿ ಹೊಸದಾಗಿ ತುಂಬು.

ನಾನು ದಾರ ಕತ್ತರಿಸಿ, ಬಿರಡೆ ತೆಗೆದು, ಬಟ್ಟಲು ತುಂಬಿದೆ. ಅಷ್ಟರಲ್ಲಿ ಹೊರಗಿನಿಂದ ಗುಮಾಸ್ತರು, "ಫೋಟೋದವನು ಬಂದಿದ್ದಾನೆ, ಎಲ್ಲಾ ಬನ್ನಿ! ಮೇಡಂ, ನೀವಿಲ್ಲದೆ ಫೋಟೋ ತೆಗೆಯಲ್ವಂತೆ ಸಾಹೇಬ್ರು!" ಎಂದು ಕೂಗಿದರು. ನಾನು ಕನ್ನಡಿ ಹುಡುಕಿದೆ. ತಲೆ ಬಾಚಿದೆ. ಬಟ್ಟಲು ಕಿಟಕಿಯ ಬಳಿ, ಬಿಸಿಲಿನಲ್ಲಿ, ಬಾಯಿ ತೆರೆದುಕೊಂಡು ಕುಳಿತಿತ್ತು. ಬಿಸಿಗಾಳಿ ಬೀಸುತ್ತಿತ್ತು. ಫೋಟೋದವನು ಸಾಲು ನಿಲ್ಲಿಸಿ, ಕದಲಿಸಿ, ಮತ್ತೆ ನಿಲ್ಲಿಸಿ, ನಲವತ್ತು ನಿಮಿಷ ಮಾಡಿದ. ಮೂಗಿನಣ್ಣ ಆ ಫೋಟೋದಲ್ಲಿಲ್ಲ. ಅವರು ಐದನೇ ಟ್ಯಾಂಕಿನ ಮೇಲಿದ್ದರು; ಯಾರೂ ಕರೆಯಲಿಲ್ಲ.

ಓಡಿ ಬಂದಾಗ ಹೊರಗೆ ಟ್ಯಾಂಕರ್ ಲಾರಿಗಳು ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದವು. ಬಟ್ಟಲನ್ನು ನೋಡಿದೆ. ಚೆಲ್ಲಬೇಕು ಎಂದು ಗೊತ್ತಿತ್ತು. ಬಾಟಲಿಯ ಬಾಯಿಯೂ ತೆರೆದೇ ಇತ್ತು, ಅಂದರೆ ಮೂಗಿನಣ್ಣ ಮತ್ತೆ ಟ್ಯಾಂಕು ಹತ್ತಬೇಕು, ಸಾಹೇಬರು ಯಾಕೆ ತಡ ಎಂದು ಕೇಳುತ್ತಾರೆ, ನಾನು ತಲೆ ಬಾಚುತ್ತಿದ್ದೆ ಎನ್ನಬೇಕು. ಮುಚ್ಚಳ ಹಾಕಿ ಉರಿ ಹಚ್ಚಿದೆ. ಮೂವತ್ತೇಳಕ್ಕೆ ಮಿಂಚಿತು. ಪಾಸು.

ಮೂಗಿನಣ್ಣ ಬೆವರು ಒರೆಸುತ್ತಾ ಬಂದರು. "ಎಷ್ಟು?"

"ಮೂವತ್ತೇಳು. ಅಣ್ಣ, ನಿಮ್ಮ ಮೂಗಿಗೆ ವಯಸ್ಸಾಯ್ತು."

ಅವರು ನಗಲಿಲ್ಲ. "ತುಂಬಿದ ಕೂಡಲೇ ನೋಡಿದ್ಯಾ?"

"ಕೂಡಲೇ," ಎಂದೆ.

ಅಷ್ಟೇ. ಒಂದೇ ಮಾತು. ಬಾಟಲಿಯಲ್ಲಿ ಉಳಿದದ್ದನ್ನು ಪದ್ಧತಿಯಂತೆ ಸುರಿದುಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಲಾರಿಗಳು ಹೊರಟುಹೋದವು.

ನಾಲ್ಕನೆಯ ದಿನದಿಂದ ದೂರು ಬರಲು ಶುರುವಾಯಿತು. ಹೆಚ್ಚಿನ ಕಡೆ ಲಾಂದ್ರದ ಗಾಜು ಸಿಡಿದದ್ದು, ಹುಬ್ಬು ಸುಟ್ಟದ್ದು, ಅಷ್ಟೇ. ಒಂದು ಮನೆಯಲ್ಲಿ ಮಾತ್ರ ಹೊಲಿಗೆ ಕಲಿಸುವ ಟೀಚರೊಬ್ಬರು ಕಲಿಯಲು ಬಂದ ಹುಡುಗಿಯರಿಗೆ ಚಹಾ ಮಾಡಲೆಂದು ಸ್ಟವ್ ಹಚ್ಚಿದಾಗ ಬೆಂಕಿ ತೋಳಿಗೆ ಹಿಡಿಯಿತು. ಜೀವಕ್ಕೇನೂ ಆಗಲಿಲ್ಲ. ಬಲಗೈಯ ಎರಡು ಬೆರಳು ಆಮೇಲೆ ಮಡಚಲಿಲ್ಲ.

ಕಪಾಟಿನ ಎರಡನೇ ಬಾಟಲಿಯ ಮೊಹರು ಒಡೆದು ನೋಡಿದರು. ಇಪ್ಪತ್ತೇಳಕ್ಕೇ ಮಿಂಚಿತು. ಅಂದರೆ ಪೆಟ್ರೋಲು ಸೇರಿದ್ದು ಖಂಡಿತ. ಹಾಗಾದರೆ ಮೊದಲನೇ ಬಾಟಲಿ ಮೂವತ್ತೇಳು ತೋರಿಸಿದ್ದು ಹೇಗೆ? ಸಾಹೇಬರು ತಮ್ಮ ಕೋಣೆಗೆ ಇಬ್ಬರನ್ನೂ ಕರೆದರು. ಮುಖ್ಯ ಕಚೇರಿಯಿಂದ ಬಂದ ಅಧಿಕಾರಿಯೊಬ್ಬರು ಕುಳಿತಿದ್ದರು.

"ಒಂದೋ ಮಾದರಿ ತೆಗೆದವನ ತಪ್ಪು, ಇಲ್ಲಾ ಪರೀಕ್ಷೆ ಮಾಡಿದವರ ತಪ್ಪು," ಎಂದು ಅಧಿಕಾರಿ ಹೇಳಿದರು. ಆಮೇಲೆ ಸಾಹೇಬರ ಕಡೆ ತಿರುಗಿ, ನಾನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ, "ಹೆಂಗಸರನ್ನ ಲ್ಯಾಬಿಗೆ ತಗೋಬೇಡಿ ಅಂತ ನಾನು ಆಗಲೇ ಹೇಳಿದ್ದೆ," ಎಂದರು.

ನಾನು ಬಾಯಿ ತೆರೆದೆ. ನಿಜ ಹೇಳುವುದಕ್ಕೇ ತೆರೆದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಈಗ ಅಷ್ಟು ಖಾತ್ರಿಯಿಲ್ಲ.

"ನಂದೇ ತಪ್ಪು ಸಾರ್," ಎಂದರು ಮೂಗಿನಣ್ಣ. "ಹಳೇ ಬಿರಡೆ. ಸಡಿಲ ಇತ್ತು. ಅವತ್ತು ಆತುರದಲ್ಲಿ ದಾರಾನೂ ಕಟ್ಟಲಿಲ್ಲ. ಬಾಟ್ಲಿ ಬಿಸಿಲಲ್ಲಿ ಕೈಗಾಡಿ ಮೇಲೆ ಒಂದು ಗಂಟೆ ಇತ್ತು. ಹಗುರಾದ್ದೆಲ್ಲ ಹಾರಿಹೋಗಿರ್ಬೇಕು."

ಆ ದಾರವನ್ನು ನಾನು ಕತ್ತರಿಸಿದ್ದೆ. ಅದರ ತುಂಡು ಇನ್ನೂ ನನ್ನ ಮೇಜಿನ ಕೆಳಗಿನ ಕಸದ ಬುಟ್ಟಿಯಲ್ಲಿತ್ತು. ನಾನು ತೆರೆದ ಬಾಯಿ ಮುಚ್ಚಿದೆ.

ಅವರನ್ನು ಮಾದರಿ ಕೆಲಸದಿಂದ ತೆಗೆದು, ಹಿಂದಿನ ಅಂಗಳದಲ್ಲಿ ಖಾಲಿ ಪೀಪಾಯಿ ಉರುಳಿಸಿ ಜೋಡಿಸುವ ಕೆಲಸಕ್ಕೆ ಹಾಕಿದರು. ಒಂದು ವಾರದೊಳಗೆ ಮೂಗಿನಣ್ಣ ಎನ್ನುವುದು ಹೋಗಿ ಬಿರಡೆ ಎಂದಾಯಿತು. "ಏ ಬಿರಡೆ, ಚಹಾ ಕುಡಿದ್ಯಾ?" ಎಂದು ಡ್ರೈವರುಗಳೂ ಕರೆಯುವಂತಾಯಿತು. ಅವರು ಕುಡಿದೆ ಎಂದು ಉತ್ತರ ಕೊಡುತ್ತಿದ್ದರು. ನಾನು ಪ್ರಯೋಗಾಲಯದ ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದೆ. ಅವರು ನನ್ನ ಮಾತು ನಂಬಿದ್ದಾರೆ, ನಾನು ಕೂಡಲೇ ನೋಡಿದೆ ಎಂದೇ ತಿಳಿದು, ತಮ್ಮ ಬಿರಡೆಯೇ ಸಡಿಲವಿದ್ದಿರಬೇಕೆಂದು ಒಪ್ಪಿಕೊಂಡಿದ್ದಾರೆ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ದಾರ ಕಟ್ಟಿದ ಕೈಗೆ ದಾರ ಕಟ್ಟಿದ್ದು ಮರೆತೀತೇ? ಅದನ್ನು ಮಾತ್ರ ಯೋಚಿಸಲು ಹೋಗಲಿಲ್ಲ.

ಪೀಪಾಯಿ ಅಂಗಳ ದೊಡ್ಡ ಗೇಟಿನ ಪಕ್ಕದಲ್ಲೇ ಇತ್ತು. ನಾನು ಅಲ್ಲಿಂದ ಬರುವುದನ್ನು ಬಿಟ್ಟೆ. ಕಚೇರಿಯ ಹಿಂದೆ ಇನ್ನೊಂದು ಚಿಕ್ಕ ಗೇಟಿತ್ತು. ಸುತ್ತು ದಾರಿ, ಕಾಲು ಗಂಟೆ ಹೆಚ್ಚು ನಡೆಯಬೇಕು. ಅಲ್ಲಿಂದ ಬರತೊಡಗಿದೆ. ಅವರು ನಿವೃತ್ತರಾಗುವವರೆಗೂ ಅಲ್ಲಿಂದಲೇ ಬಂದೆ.

ಅಂಗಡಿಯಿಂದ ಓಡಿಬಂದು ಎಂಟು ದಿನವಾಯಿತು. ಒಂಬತ್ತನೆಯ ದಿನ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ಚಹಾದ ಲೋಟ ಕೆಳಗಿಟ್ಟು, "ಆ ಮನುಷ್ಯನಿಗೆ ಈಗ ಎಂಬತ್ತಾರೋ ಎಂಬತ್ತೇಳೋ. ನಿನ್ನ ನಾಚಿಕೆ ಮುಗಿಯೋವರೆಗೂ ಆತ ಕಾದುಕೊಂಡು ಕೂರಬೇಕಾ?" ಎಂದಳು. ನಾನು ಸೆರಗು ಸರಿಮಾಡಿಕೊಂಡು ಹೊರಟೆ.

ಅಂಗಡಿಯಾಕೆ ಗುರುತು ಹಿಡಿದಳು. "ಕನ್ನಡಕ ಸಿಕ್ತಾ ಅಮ್ಮ?" ಎಂದು ತುಂಟತನದಿಂದ ಕೇಳಿದಳು. ನಿಮ್ಮ ತಂದೆಯ ಜೊತೆ ಕೆಲಸ ಮಾಡಿದವಳು, ಮಾತಾಡಿಸಬೇಕು ಎಂದೆ. ಅವಳ ಮುಖ ಅರಳಿತು. ಸ್ಟೂಲೊಂದನ್ನು ತನ್ನ ಸೆರಗಿನಿಂದಲೇ ಒರೆಸಿ, ಬೇಸಿನ್ನುಗಳ ಹಿಂದೆ ಹಾಕಿಕೊಟ್ಟಳು.

ಅವರು ಬಹಳ ಕುಗ್ಗಿಹೋಗಿದ್ದರು. ಮಡಿಲ ತುಂಬಾ ಮುಚ್ಚಳಗಳು. ಒಂದೊಂದು ಡಬ್ಬಿಗೂ ಅದರದರ ಮುಚ್ಚಳ ಹುಡುಕಿ ಒತ್ತಿ, ಆಮೇಲೆ ಡಬ್ಬಿಯನ್ನು ತಲೆಕೆಳಗು ಮಾಡಿ ಹಿಡಿದು ತುಟಿಯಲ್ಲೇ ಎಣಿಸುತ್ತಿದ್ದರು. ಇಪ್ಪತ್ತರವರೆಗೆ. ಖಾಲಿ ಡಬ್ಬಿ.

"ಅಣ್ಣ," ಎಂದೆ.

ಎಣಿಕೆ ಮುಗಿಸಿಯೇ ತಲೆ ಎತ್ತಿದರು. "ತಂಗ್ಯಮ್ಮ! ನೋಡು, ನೀನು ಎದುರಿಗೆ ಬಂದು ಕೂತ್ರೂ ನಂಗೆ ಗೊತ್ತಾಗಲಿಲ್ಲ. ಮೂಗು ಹೋಯ್ತಮ್ಮ. ಐದಾರು ವರ್ಷ ಆಯ್ತು. ಏನೂ ವಾಸನೆ ಇಲ್ಲ." ಅಂಗಡಿಯ ಕಡೆ ಕೈ ಬೀಸಿದರು. "ಇಲ್ಲಿ ಏನು ವಾಸನೆ ಬರ್ತಿದೆ, ಹೇಳು?"

"ಹೊಸ ಪ್ಲಾಸ್ಟಿಕ್ಕಿನ ವಾಸನೆ."

"ಉದ್ದ ಸರಪಳಿಗೆ ವಾಸನೆ ಇರಲ್ಲ ಅಂದಿದ್ದೆಯಲ್ಲ?"

"ಇರಲ್ಲ. ಅದರ ಸಂದೀಲಿ ಸಿಕ್ಕಿಕೊಂಡ ಚಿಕ್ಕ ಚಿಕ್ಕವು ಒಂದಿಷ್ಟು ಇರ್ತವೆ. ಅವು ಹೊರಗೆ ಬರ್ತಿರೋ ವಾಸನೆ ಇದು."

"ಇನ್ನೂ ಹೊರಗೆ ಬರ್ತಾನೇ ಇವೆ ಅನ್ನು," ಎಂದು ನಕ್ಕರು. ಮಗಳಿಗೆ ಕೂಗಿ ಹೇಳಿದರು: "ಇವರೇ ಕಣೇ, ಕ್ಲಿಪ್ಪಿನ ಸರ ಮಾಡಿಕೊಟ್ಟೋರು! ನೀನು ಜಡೆಗೆ ಕಟ್ಕೊಂಡಿದ್ಯಲ್ಲ, ಅದು."

ಇನ್ನು ತಡಮಾಡಿದರೆ ಮತ್ತೆ ಕನ್ನಡಕ ಮರೆಯುತ್ತೇನೆ ಅನ್ನಿಸಿತು. "ಅಣ್ಣ, ಅವತ್ತು ಕೂಡಲೇ ನೋಡಿದೆ ಅಂದೆನಲ್ಲ. ನೋಡಿರಲಿಲ್ಲ. ಬಟ್ಟಲು ತೆರೆದಿಟ್ಟು ಫೋಟೋಕ್ಕೆ ಹೋಗಿದ್ದೆ. ನಲವತ್ತು ನಿಮಿಷ."

ಅವರು ಇನ್ನೊಂದು ಡಬ್ಬಿ ಎತ್ತಿಕೊಂಡರು. "ಗೊತ್ತಿತ್ತು."

"ಯಾವಾಗ?"

"ಅವತ್ತೇ. ಟ್ಯಾಂಕಿನ ಮೇಲಿಂದ ಎಲ್ಲಾ ಕಾಣಿಸ್ತದಲ್ಲಮ್ಮ. ಕೆಳಗೆ ನೀವೆಲ್ಲಾ ಸಾಲಾಗಿ ನಿಂತಿದ್ರಿ. ಬಾಟ್ಲಿ ಕೊಟ್ಟು ಹತ್ತು ನಿಮಿಷ ಆಗಿರಲಿಲ್ಲ, ಪರೀಕ್ಷೆ ಮುಗಿಯೋಕೆ ಸಾಧ್ಯವೇ ಇಲ್ಲ. ಆದ್ರೂ ಕೂಡಲೇ ಅಂದ್ಯಲ್ಲ, ಹೋಗ್ಲಿ, ಬಂದು ಹೊಸದು ತುಂಬಿರ್ಬೇಕು ಅಂದ್ಕೊಂಡೆ. ಆಮೇಲೆ ಇನ್ನೊಂದು ಬಾಟ್ಲಿ ಇಪ್ಪತ್ತೇಳು ಅಂದಾಗ ಅರ್ಥ ಆಯ್ತು. ಚಿಕ್ಕವು ಬಾಗಿಲು ತೆಗೆದ ಕೂಡಲೇ ಬೀದಿಗೆ. ನೀನೇ ಕಲಿಸಿದ್ದಲ್ವಾ?"

"ಮತ್ಯಾಕೆ ನಿಮ್ಮ ಮೇಲೆ ಹಾಕಿಕೊಂಡ್ರಿ?"

"ನನ್ನನ್ನ ಪೀಪಾಯಿಗೆ ಹಾಕ್ತಾರೆ, ಅಷ್ಟೇ. ನಿನ್ನನ್ನ ಕಳಿಸಿದ್ರೆ ಆ ಬಾಗಿಲಲ್ಲಿ ಇನ್ನೊಬ್ಬ ಹೆಣ್ಣುಮಗು ಬರ್ತಿರಲಿಲ್ಲ. ನಂಗೂ ಮಗಳಿದ್ದಳು." ಡಬ್ಬಿಯನ್ನು ತಿರುಗಿಸಿ ಹಿಡಿದು ಇಪ್ಪತ್ತು ಎಣಿಸಿದರು. ನಾನು ಕಾದೆ. ನನ್ನ ನಂತರ ನಾಲ್ವರು ಹೆಣ್ಣುಮಕ್ಕಳು ಆ ಪ್ರಯೋಗಾಲಯಕ್ಕೆ ಬಂದರು. ಅವರಿಗೆಲ್ಲ ನಾನು ಆ ಪರೀಕ್ಷೆ ಕಲಿಸಿದೆ. ತುಂಬಿದ ಕೂಡಲೇ ಮುಚ್ಚು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವಳು ನಾನೇ.

"ಪೀಪಾಯಿ ಕೆಲಸ ನಂಗೇನೂ ಬೇಜಾರಾಗಲಿಲ್ಲ ತಂಗ್ಯಮ್ಮ," ಎಂದರು. "ಬಿರಡೆ ಅಂದಿದ್ದಕ್ಕೂ ಇಲ್ಲ. ನೀನು ಆ ಕಡೆ ಗೇಟಿಂದ ಬರೋಕೆ ಶುರು ಮಾಡಿದ್ಯಲ್ಲ. ಒಂದು ವಾರ ಸೈಕಲ್ ಹಿಡ್ಕೊಂಡು ನಿಂತಿದ್ದೆ. ಇವತ್ತು ಬರ್ತಾಳೆ, ಒಂದು ಮಾತು ಹೇಳ್ತಾಳೆ, ಆಮೇಲೆ ಇಬ್ರೂ ಮೆಟ್ಟಿಲವರೆಗೂ ನಡೆದು ಹೋಗೋಣ ಅಂತ. ಆಮೇಲೆ ಚೈನು ರಿಪೇರಿ ಮಾಡಿಸ್ದೆ."

ನನ್ನ ಸುಳ್ಳಿನ ಬಗ್ಗೆ ನಾನು ಸಾವಿರ ಸಲ ಯೋಚಿಸಿದ್ದೆ. ಗೇಟಿನ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ.

"ನಿಮ್ಮ ಮಗಳಿಗೆ ಹೇಳ್ತೀನಿ," ಎಂದೆ.

ಅವರು ಗಾಬರಿಯಾದರು. "ಬೇಡ ಬೇಡ. ಈಗ ಯಾಕೆ? ಅವಳು ಅದನ್ನ ನಗೋ ಮಾತು ಮಾಡ್ಕೊಂಡಿದ್ದಾಳೆ. ನಗಲಿ ಬಿಡು."

ಸಾಹೇಬರ ಕೋಣೆಯಲ್ಲಿ ಒಂದು ಸಲ ಅವರು ಮುಚ್ಚಿಹಾಕಿದಾಗ ಸುಮ್ಮನಿದ್ದು ನೋಡಿದ್ದೆ. ಎದ್ದು ಅಂಗಡಿಯ ಮುಂಭಾಗಕ್ಕೆ ಹೋದೆ. ಮಗಳು ಮಗ್ಗುಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಳು. ನಿಂತೇ ಹೇಳಿದೆ. ಬಟ್ಟಲು, ಬಿಸಿಲು, ಫೋಟೋ, ನನ್ನ ಒಂದು ಮಾತು. ಬಿರಡೆ ಸಡಿಲವಿರಲಿಲ್ಲ, ದಾರ ಕಟ್ಟಿತ್ತು, ಕತ್ತರಿಸಿದವಳು ನಾನು. ಅವಳ ಕೈ ನಿಧಾನವಾಯಿತು, ಆಮೇಲೆ ನಿಂತಿತು.

"ಹೊಲಿಗೆ ಟೀಚರ್ ಒಬ್ರಿದ್ರು," ಎಂದಳು. "ಕೈ ಸುಟ್ಕೊಂಡೋರು. ಅಪ್ಪ ಪ್ರತಿ ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋಗಿ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟು ಬರೋರು. ವಾರಕ್ಕೆ ಆಗೋಷ್ಟು, ನೂರು ಸೂಜಿ, ದಿಂಬಿಗೆ ಚುಚ್ಚಿಟ್ಟು. ಅವರು ತೀರಿಕೊಳ್ಳೋವರೆಗೂ ಹೋದ್ರು. ನಮ್ಮಮ್ಮ ಬಾಗಿಲಲ್ಲೇ ನಿಂತು, ಬಿರಡೆ ನೆಟ್ಟಗೆ ಹಾಕಿದ್ರೆ ಭಾನುವಾರ ಮನೇಲಿರ್ತಿದ್ರಿ ಅನ್ನೋಳು. ಪ್ರತಿ ವಾರ. ನಾನೂ ನಗ್ತಿದ್ದೆ."

ನಾನು ಆ ಟೀಚರ ಮನೆಯ ಬೀದಿಗೂ ಹೋಗಿರಲಿಲ್ಲ. ಅದನ್ನೂ ಹೇಳಿದೆ. ಕ್ಷಮಿಸು ಎಂದು ಕೇಳಲಿಲ್ಲ. ಅವಳೂ ಆ ಮಾತಿಗೆ ಎಡೆಕೊಡಲಿಲ್ಲ. ಬಾಗಿಲಿಗೆ ಗಿರಾಕಿಯೊಬ್ಬರು ಬಂದು ಜರಡಿ ಇದೆಯಾ ಎಂದರು. ಇದೆ ಎಂದು ತೆಗೆದುಕೊಟ್ಟಳು. ಅವರು ಹೋದ ಮೇಲೆ ನನ್ನ ಕೈಯಲ್ಲಿ ಚೀಲ ಖಾಲಿಯಿದ್ದುದು ನೋಡಿ, ಅಭ್ಯಾಸ ಬಲದಿಂದ ಹಿಂದಕ್ಕೆ ತಿರುಗಿದಳು.

"ಅಪ್ಪಾ, ಆ ನೀಲಿ ಡಬ್ಬಿ ಕೊಡಿ. ಮುಚ್ಚಳ ಒತ್ತಿ ಹಾಕಿ, ಮತ್ತೆ ಬಿರ—"

ಮಾತು ಅರ್ಧದಲ್ಲೇ ನಿಂತಿತು. ಬೇಸಿನ್ನುಗಳ ಹಿಂದಿನಿಂದ ಎಂದಿನ ಉತ್ತರ ಬಂತು, ಪೂರ್ತಿ ಕೇಳಿದವರಂತೆ. "ಒತ್ತಿದ್ದೀನಮ್ಮಾ. ಎರಡು ಸಲ ಒತ್ತಿದ್ದೀನಿ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಹೋದಳು. ಏನು ಮಾತಾಡಿದಳೋ ಕೇಳಿಸಲಿಲ್ಲ. ಹೊರಗೆ ಬಂದಾಗ ಕೈಯಲ್ಲಿ ಡಬ್ಬಿಯಿತ್ತು, ಕಣ್ಣು ಕೆಂಪಗಿತ್ತು. ಡಬ್ಬಿಯನ್ನು ನನ್ನ ಚೀಲಕ್ಕೆ ತಾನೇ ಇಳಿಸಿದಳು.

"ನಮ್ಮಮ್ಮ ಇದ್ದಾಗ ಬರಬೇಕಿತ್ತು ನೀವು," ಎಂದಳು.

"ಹೌದು," ಎಂದೆ.

ಬಾಗಿಲಲ್ಲಿ ಆ ಗೊಂಚಲು ತೂಗುತ್ತಿತ್ತು. ಈ ಸಲ ಅದನ್ನು ಎತ್ತಿ ಹಿಡಿಯಲು ಅವಳು ಬರಲಿಲ್ಲ. ನಾನು ತಲೆ ತಗ್ಗಿಸಿ ಬಕೆಟ್ಟುಗಳ ಕೆಳಗೆ ಹಾದು ಬೀದಿಗೆ ಬಂದೆ. ನಾಲ್ಕು ಹೆಜ್ಜೆ ನಡೆದಿರಬೇಕು, ಹಿಂದಿನಿಂದ ಅವರ ದನಿ ಕೇಳಿಸಿತು, ಮಗಳನ್ನು ಕೇಳುತ್ತಿದ್ದರು:

"ಯಾವ ಕಡೆ ಹೋದ್ಲು?"